ಕ್ಲೀನರ್ ರ‍್ಯಾಸ್ ಮೀನಿನ ಹೊಟ್ಟೆಪಾಡು: ಮನೆಯ ರೀಫ್ ತೊಟ್ಟಿಯ ಕುರಿತು ಒಂದು ಟಿಪ್ಪಣಿ

ಮನೆಯಲ್ಲಿ ರೀಫ್ ತೊಟ್ಟಿ ಇಟ್ಟವರು ಕ್ಲೀನರ್ ರ‍್ಯಾಸ್ ಕೊಳ್ಳಲು ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತಾರೆ. ಒಂದು, ಅದರ ಬಣ್ಣ: ತಲೆಯ ಕಡೆ ತಿಳಿ ಹಳದಿ, ಬಾಲದ ಕಡೆ ಹೊಳೆಯುವ ನೀಲಿ, ಮೂತಿಯಿಂದ ಹೊರಟು ಬಾಲದತ್ತ ಅಗಲವಾಗುತ್ತ ಹೋಗುವ ಕಪ್ಪು ಪಟ್ಟೆ. ಇನ್ನೊಂದು, ಉಳಿದ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಅದು ತಿಂದು ತೆಗೆಯುತ್ತದೆ ಎಂಬ ನಂಬಿಕೆ. ಮೊದಲನೆಯದರ ಬಗ್ಗೆ ತಕರಾರಿಲ್ಲ. ಎರಡನೆಯದನ್ನು ಸಮುದ್ರದಲ್ಲಿ ನಡೆದ ಅಧ್ಯಯನಗಳೊಂದಿಗೆ ಹೋಲಿಸಿ ನೋಡುವುದು ಈ ಟಿಪ್ಪಣಿಯ ಉದ್ದೇಶ.

ವಲೆನ್ಸಿಯೆನ್ 1839ರಲ್ಲಿ ವಿವರಿಸಿದ ಈ ಮೀನಿನ ಶಾಸ್ತ್ರೀಯ ಹೆಸರು ಲ್ಯಾಬ್ರಾಯ್ಡಿಸ್ ಡಿಮಿಡಿಯೇಟಸ್. ಕೆಂಪು ಸಮುದ್ರ ಮತ್ತು ಪೂರ್ವ ಆಫ್ರಿಕಾದಿಂದ ಪೆಸಿಫಿಕ್ ದ್ವೀಪಗಳವರೆಗೆ ಇದರ ಹರವು. ನಮ್ಮ ಲಕ್ಷದ್ವೀಪದ ಹವಳ ದಿಬ್ಬಗಳಲ್ಲೂ ಇದೆ. ಹೆಚ್ಚೆಂದರೆ 14 ಸೆಂಟಿಮೀಟರ್ ಬೆಳೆಯುತ್ತದೆ. ದಿಬ್ಬದ ಒಂದು ನಿಶ್ಚಿತ ಜಾಗದಲ್ಲಿ ಠಿಕಾಣಿ ಹೂಡಿ, ಹಿಂಭಾಗವನ್ನು ಮೇಲೆ ಕೆಳಗೆ ಆಡಿಸುತ್ತ ಕುಣಿಯುತ್ತದೆ. ಗಿರಾಕಿ ಮೀನು ಬಂದು, ಈಜು ನಿಲ್ಲಿಸಿ, ಬಾಯಿ ತೆರೆದು ಕಿವಿರಿನ ಮುಚ್ಚಳ ಅಗಲಿಸಿ ನಿಲ್ಲುತ್ತದೆ. ತನ್ನನ್ನು ಒಂದೇ ಗುಕ್ಕಿಗೆ ನುಂಗಬಲ್ಲ ಗ್ರೂಪರ್ ಮೀನಿನ ಬಾಯೊಳಗೂ ರ‍್ಯಾಸ್ ಹೊಕ್ಕು ಹೊರಬರುತ್ತದೆ.

ಈ ಕಸುಬಿನ ಪ್ರಮಾಣ ಎಷ್ಟು? ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದಲ್ಲಿ ಕೆಲಸ ಮಾಡಿದ ಅಲೆಕ್ಸಾಂಡ್ರಾ ಗ್ರಟರ್ 1996ರಲ್ಲಿ ಲೆಕ್ಕ ಪ್ರಕಟಿಸಿದರು. ಒಂದು ಕ್ಲೀನರ್ ರ‍್ಯಾಸ್ ದಿನಕ್ಕೆ ಸರಾಸರಿ 2,297 ಸಲ ಗಿರಾಕಿಗಳನ್ನು ಪರೀಕ್ಷಿಸುತ್ತದೆ, 1,218 ಪರೋಪಜೀವಿಗಳನ್ನು ತಿನ್ನುತ್ತದೆ. ಅವುಗಳಲ್ಲಿ ಬಹುಪಾಲು ನ್ಯಾಥಿಯಿಡ್ ಎಂಬ, ರಕ್ತ ಹೀರುವ ಪುಟ್ಟ ಐಸೋಪಾಡ್‌ನ ಮರಿಗಳು. ದುಡಿಮೆಯ ಹಗಲನ್ನು 12 ಗಂಟೆ ಎಂದಿಟ್ಟುಕೊಂಡರೆ ಗಂಟೆಗೆ ನೂರು ತುತ್ತಾಯಿತು.

ಈ ಲೆಕ್ಕವನ್ನು ಎಂಟು ಮೀನುಗಳಿರುವ ಮನೆಯ ತೊಟ್ಟಿಗೆ ಹಚ್ಚಿ ನೋಡೋಣ. ಅದೇ 2,297 ತಪಾಸಣೆಗಳನ್ನು ಹಂಚಿದರೆ ಒಂದೊಂದು ಮೀನಿಗೂ ದಿನಕ್ಕೆ 287 ಸಲ ಬರುತ್ತದೆ. ತೊಟ್ಟಿಯ ರ‍್ಯಾಸ್ ಅಷ್ಟೂ ಸಲ ಎಡತಾಕುತ್ತದೆ ಎಂದು ನನ್ನ ವಾದವಲ್ಲ. ಅದರ ಸ್ವಭಾವಕ್ಕೂ ತೊಟ್ಟಿಯ ಅಳತೆಗೂ ಇರುವ ಅಂತರ ಇಷ್ಟು ಎಂಬುದು ಮುಖ್ಯ. ತಿನ್ನಲು ನ್ಯಾಥಿಯಿಡ್‌ಗಳು ಸಿಗದಾಗ ಉಳಿಯುವುದು ಗಿರಾಕಿಯ ಮೈಲೋಳೆ. ಗ್ರಟರ್ ಮತ್ತು ರೆಡೌವಾನ್ ಬ್ಶಾರಿ 2003ರಲ್ಲಿ ತೋರಿಸಿಕೊಟ್ಟಂತೆ, ಎರಡೂ ಎದುರಿಗಿದ್ದಾಗ ಕ್ಲೀನರ್ ರ‍್ಯಾಸ್ ಆರಿಸಿಕೊಂಡದ್ದು ಗಿಳಿಮೀನಿನ ಲೋಳೆಯನ್ನೇ. ಸಮುದ್ರದಲ್ಲಿ ಹೀಗೆ ಮೋಸಹೋದ ಗಿರಾಕಿ ಮೈ ಝಾಡಿಸಿ ಅಟ್ಟಿಸಿಕೊಂಡು ಹೋಗುತ್ತದೆ, ಇಲ್ಲವೇ ಬೇರೊಂದು ಕ್ಲೀನರ್ ಬಳಿಗೆ ಹೊರಟುಬಿಡುತ್ತದೆ. ಆ ಭಯವೇ ರ‍್ಯಾಸ್ ಮೀನನ್ನು ಹದ್ದುಬಸ್ತಿನಲ್ಲಿಡುತ್ತದೆ. ತೊಟ್ಟಿಯ ಮೀನು ಎಲ್ಲಿಗೆ ಹೋದೀತು? ಮೂಲೆ ಹಿಡಿಯುತ್ತದೆ. ಲೋಳೆಯೇ ಮೀನಿನ ಮೊದಲ ರಕ್ಷಣೆಯಾದ್ದರಿಂದ ಈ ಕಾಟ ಸಣ್ಣದಲ್ಲ.

ಬಿಳಿಚುಕ್ಕೆ ರೋಗಕ್ಕೆ ಕ್ಲೀನರ್ ರ‍್ಯಾಸ್ ಮದ್ದು ಎಂಬ ಮಾತು ಇನ್ನೂ ದುರ್ಬಲ. ಉಪ್ಪುನೀರಿನ ಬಿಳಿಚುಕ್ಕೆಗೆ ಕಾರಣ ಕ್ರಿಪ್ಟೋಕ್ಯಾರಿಯಾನ್ ಇರಿಟನ್ಸ್ ಎಂಬ ಏಕಕೋಶಜೀವಿ. ಅದು ಮೈಮೇಲೆ ಓಡಾಡುವುದಿಲ್ಲ. ಚರ್ಮದ ಹೊರಪದರದ ಒಳಗೆ ಹುದುಗಿ ಬೆಳೆಯುತ್ತದೆ. ಆಮೇಲೆ ಕಳಚಿ ಬಿದ್ದು, ತಳದಲ್ಲಿ ಕೋಶ ಕಟ್ಟಿಕೊಂಡು, ಒಂದರಿಂದ ಹಲವಾಗಿ ಮತ್ತೆ ನೀರಿಗಿಳಿಯುತ್ತದೆ. ಈ ಚಕ್ರದ ಯಾವ ಹಂತವನ್ನೂ ರ‍್ಯಾಸ್ ನಂಬಲರ್ಹವಾಗಿ ಮುರಿಯಲಾರದು. ಹೊಸ ಮೀನನ್ನು ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ನೋಡುವುದೇ ಇದಕ್ಕೆ ನೆಚ್ಚಬಹುದಾದ ದಾರಿ.

ಇತ್ತ ತೊಟ್ಟಿಗೆ ಇಷ್ಟು ಅಲ್ಪ ಲಾಭ, ಅತ್ತ ದಿಬ್ಬಕ್ಕೆ ಆಗುವ ನಷ್ಟ ದೊಡ್ಡದು. ಲಿಜರ್ಡ್ ದ್ವೀಪದಲ್ಲೇ ಕೆಲವು ಸಣ್ಣ ದಿಬ್ಬಗಳಿಂದ ಕ್ಲೀನರ್ ರ‍್ಯಾಸ್‌ಗಳನ್ನು ಎಂಟೂವರೆ ವರ್ಷ ತೆಗೆಯುತ್ತ ಬಂದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕ್ಲೀನರ್ ಇದ್ದ ದಿಬ್ಬಗಳಿಗೆ ಹೋಲಿಸಿದರೆ ಅಲ್ಲಿ ನೆಲೆಸಿದ್ದ ಮೀನುಗಳ ಸಂಖ್ಯೆ ಶೇ. 37ರಷ್ಟು, ಜಾತಿಗಳು ಶೇ. 23ರಷ್ಟು ಕಡಿಮೆಯಾಗಿದ್ದವು.

ಈಗಾಗಲೇ ಈ ಮೀನು ತೊಟ್ಟಿಯಲ್ಲಿದ್ದರೆ ಮೂರು ಸಂಗತಿ ಗಮನಿಸಬೇಕು. ರ‍್ಯಾಸ್ ಕುಲದ ಮೀನುಗಳಿಗೆ ನಿಜವಾದ ಜಠರವಿಲ್ಲ. ತಿಂದದ್ದನ್ನು ಕೂಡಿಟ್ಟುಕೊಳ್ಳುವ ಚೀಲವೇ ಇಲ್ಲದ ಪ್ರಾಣಿಗೆ ದಿನಕ್ಕೊಂದು ಊಟ ಸಾಲದು. ಸಣ್ಣಗೆ ಹೆಚ್ಚಿದ ಸೀಗಡಿ, ಕಪ್ಪೆಚಿಪ್ಪಿನ ಮಾಂಸ, ಫ್ರೋಜನ್ ಮೈಸಿಸ್ ಇವನ್ನು ಸ್ವಲ್ಪ ಸ್ವಲ್ಪವೇ ದಿನಕ್ಕೆ ಹಲವು ಸಲ ಕೊಡಬೇಕು. ಹೊಟ್ಟೆಯ ಭಾಗ ಒಳಸರಿದಿದ್ದರೆ ಅದು ಹಸಿವಿನ ಗುರುತು. ಎರಡನೆಯದು ಜೋಡಿ. ಡಿ. ಆರ್. ರಾಬರ್ಟ್‌ಸನ್ 1972ರಲ್ಲಿ ತೋರಿಸಿದಂತೆ, ಗುಂಪಿನ ಒಂದೇ ಗಂಡು ಇಲ್ಲವಾದರೆ ಹಿರಿಯ ಹೆಣ್ಣು ಸುಮಾರು ಎರಡು ಗಂಟೆಯಲ್ಲೇ ಗಂಡಿನ ಗತ್ತು ತೋರುತ್ತದೆ, 14ರಿಂದ 18 ದಿನಗಳಲ್ಲಿ ಪೂರ್ತಿ ಗಂಡಾಗುತ್ತದೆ. ಆದ್ದರಿಂದ ಒಂದು ದೊಡ್ಡದು, ಒಂದು ಚಿಕ್ಕದು ಸೇರಿಸಿದರೆ ಹೊಂದಿಕೊಳ್ಳುವ ಸಂಭವ ಹೆಚ್ಚು. ಎರಡು ಗಂಡಾದರೆ ಕಾದಾಟ. ಮೂರನೆಯದು ಮುಚ್ಚಳ: ಬೆದರಿದ ರ‍್ಯಾಸ್ ನೆಗೆಯುತ್ತದೆ, ತೊಟ್ಟಿಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಇರಲೇಬೇಕು.

ಇದೇ ವೇಷ ತೊಟ್ಟ ಬ್ಲೆನ್ನಿ ಜಾತಿಯ ಮೀನೂ ಒಂದಿದೆ, ಆಸ್ಪಿಡಾಂಟಸ್ ಟೀನಿಯೇಟಸ್. ಅದು ಬೇರೆ ಮೀನುಗಳ ಈಜುರೆಕ್ಕೆಯನ್ನೇ ಕಚ್ಚಿ ತಿನ್ನುತ್ತದೆ. ಪಕ್ಕದಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ರ‍್ಯಾಸ್‌ನ ಬಾಯಿ ಮೂತಿಯ ತುದಿಯಲ್ಲಿ, ಇದರದ್ದು ಮೂತಿಯ ಕೆಳಗೆ.

ಒಟ್ಟಿನಲ್ಲಿ, ಕ್ಲೀನರ್ ರ‍್ಯಾಸ್ ಮನೆಯ ತೊಟ್ಟಿಯ ವೈದ್ಯನಲ್ಲ. ಮೈ ತಿಕ್ಕುವ ಮೀನಿನ ನೋಟ ಬೇಕೆನ್ನುವವರು ಸಾಕಣೆಯಲ್ಲೇ ಮರಿಯಾದ ನಿಯಾನ್ ಗೋಬಿಯನ್ನು ಕೊಳ್ಳಲಿ. ಅದೂ ಕ್ಲೀನರ್ ಮೀನೇ. ಆದರೆ ತೊಟ್ಟಿಯಲ್ಲಿ ಹಾಕಿದ ಸಾಮಾನ್ಯ ಆಹಾರ ತಿಂದೇ ಬದುಕಬಲ್ಲದು. ಕ್ಲೀನರ್ ರ‍್ಯಾಸ್ ದಿಬ್ಬದಲ್ಲೇ ಇರಲಿ.