ಒಂದು ಪಾವಿನೊಳಗೆ ಎಷ್ಟು ಊರುಗಳು

ಮುಂಬಯಿಯ ದಾದರ್ ಸ್ಟೇಷನ್ನಿನಿಂದ ಹೊರಬಿದ್ದರೆ ಮೊದಲು ಎದುರಾಗುವುದು ಕಾದ ಎಣ್ಣೆಯ ವಾಸನೆ. ಕಳೆದ ಮಳೆಗಾಲದಲ್ಲಿ ಅಲ್ಲಿಗೆ ಹೋದಾಗ ನಾನೂ ಆ ವಾಸನೆಯ ಬೆನ್ನು ಹತ್ತಿ ಒಂದು ಗಾಡಿಯ ಮುಂದೆ ನಿಂತೆ. ಗಾಡಿಯವನು ಪಾವನ್ನು ಸೀಳಿ, ಬೆಳ್ಳುಳ್ಳಿಯ ಕೆಂಪು ಚಟ್ನಿಪುಡಿ ಉದುರಿಸಿ, ಬಿಸಿ ವಡೆಯನ್ನಿಟ್ಟು ಒತ್ತಿ, ಕರಿದ ಹಸಿಮೆಣಸಿನಕಾಯಿಯ ಜೊತೆ ಕಾಗದದಲ್ಲಿ ಸುತ್ತಿ ಕೊಟ್ಟ. ಪಕ್ಕದಲ್ಲಿ ನಿಂತು ತಿನ್ನುತ್ತಿದ್ದ ಹಿರಿಯರೊಬ್ಬರು, ನಾನು ಹೊರಗಿನವನೆಂದು ತಿಳಿದು, "ಇದು ಅಪ್ಪಟ ಇಲ್ಲಿಯದೇ ತಿಂಡಿ" ಎಂದರು. ಅವರ ಹೆಮ್ಮೆ ಇಷ್ಟವಾಯಿತು. ಆದರೆ 'ಅಪ್ಪಟ' ಎಂಬ ಮಾತು ಮಾತ್ರ ತಲೆಯಲ್ಲೇ ಉಳಿಯಿತು.

'ವಡೆ' ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದ ಅಡುಗೆಯ ಭಾಗದಲ್ಲಿ ಉದ್ದಿನ ವಡೆ ಇದೆ. ಆದರೆ ಆ ಅರಸನ ಪಾಕಶಾಲೆಯಲ್ಲಿ ಆಲೂಗಡ್ಡೆಯೂ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಎರಡೂ ಅಮೆರಿಕ ಖಂಡದ ಬೆಳೆಗಳು. ಕಡಲು ದಾಟಿ ಇಲ್ಲಿಗೆ ಬಂದದ್ದು ಯುರೋಪಿನ ಹಡಗುಗಳು ಬರತೊಡಗಿದ ಮೇಲೆ. ಖಾರಕ್ಕೆ ಆವರೆಗೆ ಇದ್ದದ್ದು ಕಾಳುಮೆಣಸು. ಹೊಸ ಕಾಯಿಗೆ ಕನ್ನಡವು ಹಳೆಯ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದಿತು. ನಮ್ಮ ಕರಾವಳಿಯವರ 'ಬಟಾಟೆ', ಮರಾಠಿಗರ 'ಬಟಾಟಾ' ಎರಡೂ ಪೋರ್ಚುಗೀಸರ ನಾಲಿಗೆಯಿಂದ ಬಂದವು. 'ಪಾವ್' ಕೂಡ ಅವರದೇ ಪದ. 1534ರಲ್ಲಿ ಗುಜರಾತಿನ ಸುಲ್ತಾನನಿಂದ ಮುಂಬಯಿಯ ದ್ವೀಪಗಳು ಅವರ ಕೈಸೇರಿದವು. 1661ರಲ್ಲಿ ರಾಜಕುಮಾರಿಯ ವರದಕ್ಷಿಣೆಯಾಗಿ ಇಂಗ್ಲೆಂಡಿಗೆ ಹೋದವು. ದ್ವೀಪಗಳು ಕೈಬದಲಾದರೂ ಪಾವ್ ಉಳಿಯಿತು. ಅದನ್ನು ಸುಟ್ಟವರು ಗೋವೆಯಿಂದ ಬಂದ ಬೇಕರಿಯವರು, ಆಮೇಲೆ ಇರಾನಿಗಳು.

ಇವೆಲ್ಲ ಒಂದೇ ಕೈಗೆ ಬರಲು ಹಸಿವು ಬೇಕಿತ್ತು. 1854ರಲ್ಲಿ ಕಾವಸ್ಜಿ ದಾವರ್ ಮುಂಬಯಿಯ ಮೊದಲ ಹತ್ತಿಗಿರಣಿಯನ್ನು ಸ್ಥಾಪಿಸಿದ ಮೇಲೆ ಪರೇಲ್, ಲಾಲ್‌ಬಾಗ್ ಸುತ್ತಲಿನ ಪ್ರದೇಶ 'ಗಿರಣಗಾಂವ್' ಆಗಿ ಬೆಳೆಯಿತು. ಕೊಂಕಣದಿಂದ, ಘಟ್ಟದಿಂದ ಬಂದ ಕಾರ್ಮಿಕರಿಗೆ ಪಾಳಿಯ ಸೈರನ್ನು ಕೂಗುವ ಮೊದಲು ಕೂತು ಉಣ್ಣುವಷ್ಟು ಹೊತ್ತಿರಲಿಲ್ಲ. 1966ರ ಸುಮಾರಿಗೆ ದಾದರಿನಲ್ಲಿ ಅಶೋಕ ವೈದ್ಯ ಎಂಬವರು ಬಟಾಟಾ ವಡೆಯನ್ನು ಪಾವಿನೊಳಗಿಟ್ಟು ಮಾರತೊಡಗಿದರೆಂಬುದು ಮುಂಬಯಿಗರು ಹೇಳುವ ಕಥೆ. ತಟ್ಟೆ ಬೇಡ, ಕುರ್ಚಿ ಬೇಡ. ನಡೆಯುತ್ತಲೇ ತಿಂದು ಮುಗಿಸಬಹುದು.

ಅದೇ 1966ರಲ್ಲಿ ಶಿವಸೇನೆ ಹುಟ್ಟಿತು. ದಕ್ಷಿಣದವರ ವಿರುದ್ಧದ ಅದರ ಮೊದಲ ಚಳವಳಿಯಲ್ಲಿ ಉಡುಪಿ ಹೋಟೆಲುಗಳೂ ಗುರಿಯಾದವು. ವಡಾಪಾವಿನ ಗಾಡಿ ಮರಾಠಿ ತರುಣರ ಸ್ವಂತ ದುಡಿಮೆಯ, ಸ್ವಾಭಿಮಾನದ ಗುರುತಾಯಿತು, ಇಡ್ಲಿ-ದೋಸೆ 'ಹೊರಗಿನ'ದಾಯಿತು. ಆದರೆ ಆ ಹೋಟೆಲುಗಳಲ್ಲಿ ಲೋಟ ತೊಳೆದವರು ಹಳ್ಳಿ ಬಿಟ್ಟುಬಂದ ಹುಡುಗರು. ಹಗಲು ದುಡಿದು, ಕನ್ನಡದ ರಾತ್ರಿಶಾಲೆಗಳಲ್ಲಿ ಕೂತು ಅಕ್ಷರ ಕಲಿತವರು. ಗಿರಣಿಯ ಕಾರ್ಮಿಕನಿಗೂ ಈ ಹುಡುಗನಿಗೂ ಊರು ಬೇರೆ. ಊರು ಬಿಡಿಸಿದ ಬಡತನ ಒಂದೇ.

1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ವರ್ಷ ದಾಟಿತು. ಬಹಳಷ್ಟು ಮಂದಿಗೆ ಕೆಲಸ ಮರಳಿ ಸಿಗಲಿಲ್ಲ. ನಿನ್ನೆಯವರೆಗೆ ವಡಾಪಾವ್ ಕೊಂಡು ತಿನ್ನುತ್ತಿದ್ದವರಲ್ಲಿ ಕೆಲವರು ತಾವೇ ಬಾಣಲೆ ಇಟ್ಟರು. ಗಿರಣಿಗಳಿದ್ದ ಜಾಗದಲ್ಲಿ ಇಂದು ಮಾಲುಗಳೂ ಗಾಜಿನ ಕಚೇರಿಗಳೂ ಎದ್ದಿವೆ. ಚಿಮಣಿಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಆ ಕಚೇರಿಗಳ ಗೇಟಿನ ಹೊರಗೆ, ಮಧ್ಯಾಹ್ನ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗರು ಅದೇ ವಡಾಪಾವಿಗೆ ಸಾಲು ನಿಲ್ಲುತ್ತಾರೆ.

ಪ್ರವಾಸದಲ್ಲಿ ನಾವು ಬೀದಿಯ ತಿಂಡಿಯ ರುಚಿಯನ್ನು ಹೊಗಳುತ್ತೇವೆ, ಫೋಟೋ ತೆಗೆಯುತ್ತೇವೆ. ಅದು ಯಾರ ಹಸಿವಿಗೆ ಹುಟ್ಟಿತು ಎಂದು ಕೇಳುವುದು ಕಡಿಮೆ. ದಾದರಿನ ಆ ಹಿರಿಯರು ಸುಳ್ಳು ಹೇಳಲಿಲ್ಲ. ಕಡಲಾಚೆಯಿಂದ ಬಂದ ಗಡ್ಡೆ, ಕಾಯಿ, ರೊಟ್ಟಿಗಳನ್ನು ಹೀಗೆ ಕೂಡಿಸಿದ್ದು ಆ ಊರಿನ ದುಡಿಮೆಯೇ. ಆ ಅರ್ಥದಲ್ಲಿ ಅದು ಅಲ್ಲಿಯದೇ. ಅದೇ ಅರ್ಥದಲ್ಲಿ ಮಾಟುಂಗದ ಇಡ್ಲಿಯೂ ಅಲ್ಲಿಯದೇ. ಇದನ್ನು ಅವರಿಗೆ ಹೇಳಬೇಕೆಂದು ತಿರುಗಿದಾಗ ಅವರು ಕೈ ಒರೆಸಿಕೊಂಡು ಲೋಕಲ್ ಹಿಡಿಯಲು ಹೊರಟಾಗಿತ್ತು. ನಾನು ಇನ್ನೊಂದು ವಡಾಪಾವ್ ಹೇಳಿದೆ.