ಫೋರ್ಕಿನಡಿಯ ಪುಟ್ಟ ಚಕ್ರ: ಕಬ್ಬಿಣದ ಪಟ್ಟಿಯಿಂದ ಪಾಲಿಯುರೆಥೇನ್‌ವರೆಗೆ

ಮಲೆನಾಡಿನ ಮಂಚಿಕೇರಿ ಸೀಮೆಯ ಅಡಿಕೆ ಶಿರಸಿ, ಯಲ್ಲಾಪುರದ ಮಾರುಕಟ್ಟೆಗೆ ಇಂದು ಲಾರಿಯಲ್ಲಿ ಹೋಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಸೀಮೆಯ ಘಟ್ಟದ ದಾರಿಗಳಲ್ಲಿ ಧಾರವಾಡ ಕಡೆಯ ಹತ್ತಿ ಎತ್ತಿನ ಗಾಡಿಯಲ್ಲಿ ಕುಮಟಾ ಬಂದರಿಗೆ ಇಳಿಯುತ್ತಿತ್ತು. ಆ ಗಾಡಿಯ ಚಕ್ರದ ಒಡಲು ಮರ, ನೆಲ ಮುಟ್ಟುವ ಪಟ್ಟಿ ಕಬ್ಬಿಣ. ಪಟ್ಟಿ ಸವೆದರೆ ಕಮ್ಮಾರ ಹೊಸದನ್ನು ಕಾಯಿಸಿ ತೊಡಿಸಿ ನೀರು ಹೊಯ್ಯುತ್ತಿದ್ದ. ತಣಿದ ಕಬ್ಬಿಣ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಭಾರ ಹೊರುವ ಒಡಲು ಬೇರೆ, ಸವೆಯುವ ಪದರ ಬೇರೆ ಎಂಬ ಈ ತಿಳಿವಳಿಕೆಯೇ ಇಂದಿನ ಎಲೆಕ್ಟ್ರಿಕ್ ಪ್ಯಾಲೆಟ್ ಟ್ರಕ್ಕಿನ ಚಕ್ರದಲ್ಲೂ ಇದೆ.

ಶಿರಸಿಯಲ್ಲಿ 1923ರಲ್ಲಿ ಬೆಳೆಗಾರರ ಸಹಕಾರಿ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿ, ಅಡಿಕೆ ಮಾರಾಟದ ರೀತಿಯೇ ಬದಲಾಯಿತು. ಚೀಲ ಎತ್ತುವ ಕೆಲಸ ಮಾತ್ರ ಬಹುಕಾಲ ಹಮಾಲರ ಬೆನ್ನ ಮೇಲೇ ಉಳಿಯಿತು. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಶಿಫಾರಸು ಮಾಡಿತು. ಅದಕ್ಕೂ ಮೊದಲೇ, 1939ರಲ್ಲಿ, ಅಮೆರಿಕದ ಜಾರ್ಜ್ ರೇಮಂಡ್ ಮತ್ತು ವಿಲಿಯಂ ಹೌಸ್ ಅವರಿಗೆ ಪ್ಯಾಲೆಟ್ (ಸರಕು ಪೇರಿಸುವ ಅಡಿಮಣೆ) ಮತ್ತು ಅದನ್ನೆತ್ತುವ ಹೈಡ್ರಾಲಿಕ್ ಗಾಡಿಗೆ ಪೇಟೆಂಟ್ ದೊರೆತಿತ್ತು.

ಪ್ಯಾಲೆಟ್ಟಿನೊಳಗೆ ಗಾಡಿಯ ಫೋರ್ಕ್, ಅಂದರೆ ಮುಂಚಾಚಿದ ಎತ್ತುವ ತೋಳು, ನುಸುಳಬೇಕಾದ್ದರಿಂದ ಅದರ ತುದಿಯ ಚಕ್ರ ದೊಡ್ಡದಾಗುವಂತಿಲ್ಲ. ಸಾಮಾನ್ಯವಾಗಿ 80ರಿಂದ 85 ಮಿಲಿಮೀಟರ್ ವ್ಯಾಸ. 82 ಮಿಲಿಮೀಟರಿನ ಚಕ್ರ ಒಂದು ಕಿಲೋಮೀಟರ್ ಸಾಗಲು ಸುಮಾರು 3,900 ಸುತ್ತು ತಿರುಗಬೇಕು, ಅದೂ ಹೊರೆಯ ಬಹುಪಾಲನ್ನು ಹೊತ್ತು. ಎರಕದ ಕಬ್ಬಿಣ ಗಟ್ಟಿ, ಆದರೆ ಸಿಮೆಂಟು ನೆಲವನ್ನು ಕೀಳುತ್ತಿತ್ತು. ರಬ್ಬರು ಮೆತ್ತಗೆ, ಆದರೆ ಇಷ್ಟು ಸಣ್ಣ ಚಕ್ರದಲ್ಲಿ ಅಷ್ಟು ಭಾರಕ್ಕೆ ಚಪ್ಪಟೆಯಾಗುತ್ತಿತ್ತು. 1935ರಲ್ಲಿ ಮೊದಲು ತಯಾರಾದ ನೈಲಾನ್ ಅಗ್ಗ, ಎಳೆಯಲು ಹಗುರ. ಆದರೆ ನೆಲದ ಪ್ರತಿ ಬಿರುಕಿನ ಏಟನ್ನೂ ಬೇರಿಂಗ್‌ಗೆ ದಾಟಿಸುತ್ತದೆ.

1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಓಟೊ ಬಾಯರ್ ಅವರ ತಂಡ ಕಂಡುಹಿಡಿದ ಪಾಲಿಯುರೆಥೇನ್ ಗಟ್ಟಿ ಮತ್ತು ಮೆತ್ತನೆಯ ವಸ್ತುಗಳ ನಡುವಿನ ದಾರಿ ತೋರಿತು. ಉಕ್ಕು ಅಥವಾ ಎರಕದ ಕಬ್ಬಿಣದ ಒಡಲಿನ ಸುತ್ತ ಅದನ್ನು ಎರೆದು ಅಂಟಿಸುತ್ತಾರೆ. ಸದ್ದು ಕಡಿಮೆ, ನೆಲಕ್ಕೆ ಹಿತ, ಭಾರಕ್ಕೂ ಬಗ್ಗದು. ಕೈಯಿಂದ ಎಳೆಯುವ ಗಾಡಿಗೆ ಮೋಟಾರು ಬಂದ ಮೇಲೆ ಹೊಸ ತೊಡಕು ಎದುರಾಯಿತು. ನಿಲ್ಲದೆ ಓಡಿದಾಗ ಪದರ ಒಳಗೊಳಗೇ ಬಿಸಿಯಾಗುತ್ತದೆ; ಆ ಶಾಖ ಬೇಗ ಹೊರಬಾರದೆ ಅಂಟು ಬಿಡುತ್ತದೆ. ಭಾರ ಹಂಚಲು ಒಂದೊಂದು ಫೋರ್ಕಿಗೆ ಎರಡೆರಡು ಚಕ್ರ ಜೋಡಿಸುವ ಪದ್ಧತಿ ಇದಕ್ಕೆ ಒಂದು ಪರಿಹಾರ.

ನಮ್ಮ ಸೀಮೆಗೆ ಮುಖ್ಯವಾದದ್ದು ಮಳೆಗಾಲ. ಪಾಲಿಯುರೆಥೇನಿನಲ್ಲಿ ಎರಡು ಮುಖ್ಯ ಬಗೆಗಳಿವೆ. ಪಾಲಿಎಸ್ಟರ್ ಮೂಲದ್ದು ಉಜ್ಜುವಿಕೆ, ಕೊರೆತ ಮತ್ತು ಎಣ್ಣೆಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ನೀರಿನ ಅಂಶವೂ ಶಾಖವೂ ಕೂಡಿದರೆ ಅದರ ಅಣುಸರಪಳಿಯೇ ಕಡಿಯುತ್ತದೆ. ಪಾಲಿಈಥರ್ ಮೂಲದ್ದು ತೇವಕ್ಕೆ ಹೆಚ್ಚು ಬಾಳುತ್ತದೆ. ಮೊದಲ ಬಗೆಯ ಚಕ್ರ ಓಡದೆ ನಿಂತಲ್ಲೇ ಹಾಳಾಗಬಹುದು: ಮೇಲ್ಮೈ ಅಂಟಂಟಾಗಿ, ಉಗುರು ಒತ್ತಿದರೆ ಗುರುತು ಉಳಿದು, ಕೊನೆಗೆ ಪುಡಿಯಾಗಿ ಉದುರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮಲೆನಾಡಿನ ಗೋದಾಮಿಗೆ ಒಣ ಊರಿನ ಆಯ್ಕೆಯನ್ನೇ ತಂದು ಹಾಕುವುದು ತಪ್ಪು.

ಅಡಿಕೆ ಗೋದಾಮಿಗೆ ಇನ್ನೊಂದು ಶತ್ರು ಗೋಣಿಯ ಸುತಳಿ. ಹೊಲಿಗೆ ಬಿಚ್ಚಿದ ದಾರ ಅಚ್ಚಿಗೆ ಸುತ್ತಿಕೊಂಡು ಬೇರಿಂಗಿನ ಮುಚ್ಚಳ ಕಿತ್ತು, ಗ್ರೀಸು ಹೊರಹಾಕುತ್ತದೆ. ಚಕ್ರ ತಿರುಗದೆ ಎಳೆದುಕೊಂಡು ಹೋದಾಗ ಒಂದು ಬದಿ ಚಪ್ಪಟೆಯಾಗುತ್ತದೆ. ಚಕ್ರ ಬದಲಿಸುವಾಗ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಫೋರ್ಕಿಗೆ ಗಟ್ಟಿ ಆಸರೆ ಕೊಟ್ಟು, ಪಿನ್ನು ಹೊಡೆದು ಅಚ್ಚು ತೆಗೆಯಬೇಕು. ಅಚ್ಚಿನ ಸವೆತವನ್ನೂ ನೋಡಬೇಕು. ಒಂದನ್ನಷ್ಟೇ ಬದಲಿಸಿದರೆ ಹೊಸ ಚಕ್ರದ ಮೇಲೇ ಭಾರ ಬೀಳುತ್ತದೆ. ಎರಡೂ ಫೋರ್ಕಿನದನ್ನು ಒಟ್ಟಿಗೇ ಬದಲಿಸಬೇಕು.

ಬದಲಿ ಚಕ್ರಗಳನ್ನು ಈಗ ವ್ಯಾಸ, ಅಗಲ, ಬೇರಿಂಗ್ ಸಂಖ್ಯೆ ಮೂರನ್ನೇ ನೋಡಿ ಕೊಳ್ಳುವುದು ರೂಢಿ. ಅಳತೆ ಸರಿಯಿದ್ದರೆ ಚಕ್ರ ಕೂರುತ್ತದೆ, ಆದರೆ ಬಾಳುತ್ತದೆಂಬ ಭರವಸೆಯಿಲ್ಲ. ಪಾಲಿಈಥರೋ ಪಾಲಿಎಸ್ಟರೋ, ತಯಾರಾದದ್ದು ಯಾವಾಗ ಎಂಬೆರಡನ್ನು ನಮ್ಮ ಸಂಘಗಳ ಖರೀದಿ ಸಮಿತಿಗಳು ಬರಹದಲ್ಲೇ ಕೇಳಿ ಪಡೆಯಬೇಕು. ಹಲವು ಸಂಘಗಳು ಕೂಡಿ ಕೇಳಿದರೆ ಮಾರುವವರು ಉತ್ತರಿಸಲೇಬೇಕಾಗುತ್ತದೆ.