ಪಂಚ ಕಕಾರಗಳು: ಇತಿಹಾಸ

ಪಂಚ ಕಕಾರಗಳು ಎಂದರೆ ಅಮೃತ ದೀಕ್ಷೆ ಪಡೆದು ಖಾಲ್ಸಾ ಸೇರಿದ ಸಿಖ್ಖರು, ಗಂಡಸರಾಗಲಿ ಹೆಂಗಸರಾಗಲಿ, ಸದಾ ಮೈಮೇಲೆ ಇರಿಸಿಕೊಳ್ಳಬೇಕಾದ ಐದು ಲಾಂಛನಗಳು: ಕೇಶ (ಕತ್ತರಿಸದ ಕೂದಲು), ಕಂಘಾ (ಮರದ ಪುಟ್ಟ ಬಾಚಣಿಗೆ), ಕಡಾ (ಕಬ್ಬಿಣ ಅಥವಾ ಉಕ್ಕಿನ ಬಳೆ), ಕಚ್ಛ (ಲಾಡಿ ಕಟ್ಟುವ ಚಡ್ಡಿ) ಮತ್ತು ಕೃಪಾಣ (ಕತ್ತಿ). ಐದರ ಹೆಸರೂ ‘ಕ’ ಅಕ್ಷರದಿಂದ ಆರಂಭವಾಗುವುದರಿಂದ ಈ ಹೆಸರು ಬಂದಿದೆ. ಇವುಗಳ ಇತಿಹಾಸದ ಚರ್ಚೆಯಲ್ಲಿ ಎರಡು ಪ್ರಶ್ನೆಗಳು ಪದೇಪದೇ ಕಲಸಿಹೋಗುತ್ತವೆ. ಈ ವಸ್ತುಗಳ ಬಳಕೆ ಎಷ್ಟು ಹಳೆಯದು ಎಂಬುದು ಒಂದು. ಐದನ್ನೂ ಒಟ್ಟಿಗೆ ಎಣಿಸುವ ಸೂತ್ರ ಎಷ್ಟು ಹಳೆಯದು ಎಂಬುದು ಇನ್ನೊಂದು.

ಹಿನ್ನೆಲೆ

ಹತ್ತನೆಯ ಗುರು ಗೋವಿಂದ ಸಿಂಗ್ 1699ರ ವೈಶಾಖಿಯಂದು ಪಂಜಾಬಿನ ಆನಂದಪುರದಲ್ಲಿ ಖಾಲ್ಸಾ ಸ್ಥಾಪಿಸಿದರು. ಅಂದು ಗುರುಗಳ ಕರೆಗೆ ಓಗೊಟ್ಟು ತಲೆ ಕೊಡಲು ಮುಂದೆ ಬಂದ ಐವರನ್ನು ‘ಪಂಜ್ ಪ್ಯಾರೆ’ ಎನ್ನುತ್ತಾರೆ. ಅವರಲ್ಲೊಬ್ಬರಾದ ಸಾಹಿಬ್ ಚಂದ್, ಸಂಪ್ರದಾಯದ ಪ್ರಕಾರ, ಬೀದರಿನ ಕ್ಷೌರಿಕ. ಐದು ಕಕಾರಗಳನ್ನು ಗುರುಗಳು ವಿಧಿಸಿದ್ದೂ ಆ ವೈಶಾಖಿಯ ದಿನವೇ ಎಂಬುದು ಸಿಖ್ಖರ ನಂಬಿಕೆ.

ಹದಿನೆಂಟನೆಯ ಶತಮಾನದ ಆಕರಗಳು

ಖಾಲ್ಸಾದ ಆರಂಭವನ್ನು ಹೇಳುವ ಹಳೆಯ ಕೃತಿಗಳಲ್ಲಿ ಸೈನಾಪತಿಯ ‘ಗುರ್ ಸೋಭಾ’ ಮುಖ್ಯವಾದುದು. ತಲೆ ಬೋಳಿಸಬಾರದು, ಹುಕ್ಕಾ ಸೇದಬಾರದು ಎಂಬ ನಿಯಮಗಳು ಅದರಲ್ಲಿವೆ. ಐದು ಕಕಾರಗಳ ಪಟ್ಟಿ ಇಲ್ಲ. ನಡವಳಿಕೆಯ ಕಟ್ಟಳೆಗಳನ್ನು ಹೇಳುವ ‘ರಹಿತ್‌ನಾಮಾ’ಗಳು ಇನ್ನೊಂದು ಬಗೆಯ ಆಕರ. ಭಾಯಿ ನಂದ್ ಲಾಲ್ ಹೆಸರಿನಲ್ಲಿರುವ ‘ತನ್‌ಖಾಹ್‌ನಾಮಾ’ ದಿನಕ್ಕೆರಡು ಬಾರಿ ಕೂದಲು ಬಾಚಿ, ಪೇಟವನ್ನು ಮಡಿಕೆ ಮಡಿಕೆಯಾಗಿ ಹೊಸದಾಗಿ ಸುತ್ತಿಕೊಳ್ಳಬೇಕೆನ್ನುತ್ತದೆ. ಇಂದಿಗೂ ಅದೇ ರೂಢಿ: ಬಾಚಿದ ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿ, ಬಾಚಣಿಗೆಯನ್ನು ಆ ಗಂಟಿನಲ್ಲೇ ಸಿಕ್ಕಿಸಿ, ಮೇಲೆ ಪೇಟ ಸುತ್ತುತ್ತಾರೆ. ಈ ಕೃತಿಯ 1718–19ರ ಹಸ್ತಪ್ರತಿಯೊಂದು ಬೆಳಕಿಗೆ ಬಂದ ಮೇಲೆ ರಹಿತ್‌ನಾಮಾಗಳೆಲ್ಲ ಬಹಳ ತಡವಾಗಿ ಹುಟ್ಟಿದವು ಎಂಬ ವಾದ ಸಡಿಲಗೊಂಡಿತು.

ಚೌಪಾ ಸಿಂಗ್ ಹೆಸರಿನ ರಹಿತ್‌ನಾಮಾದ ಕಾಲದ ಬಗ್ಗೆಯೂ ಒಮ್ಮತವಿಲ್ಲ. ಅದನ್ನು ಸಂಪಾದಿಸಿದ ನ್ಯೂಜಿಲೆಂಡಿನ ವಿದ್ವಾಂಸ ಡಬ್ಲ್ಯು. ಎಚ್. ಮೆಕ್ಲಿಯಡ್ ಅದು ಹದಿನೆಂಟನೆಯ ಶತಮಾನದ ನಡುಭಾಗದ್ದು ಎನ್ನುತ್ತಾರೆ. ಅದರಲ್ಲಿ ಐದರ ಎಣಿಕೆ ಇದೆ. ಆದರೆ ಕಚ್ಛ, ಕೃಪಾಣ, ಕೇಶಗಳ ಜೊತೆಗೆ ಬರುವುದು ಗುರುವಾಣಿ ಮತ್ತು ಸಾಧುಸಂಗ. ಈ ಆಧಾರದಿಂದ ಮೆಕ್ಲಿಯಡ್, ಇಂದಿನ ಸೂತ್ರ ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎಂಬ ನಿಲುವಿಗೆ ಬಂದರು. ಇದನ್ನು ಒಪ್ಪದವರು, ಕಾಬೂಲಿನ ಸಿಖ್ ಸಭೆಯಾದ ಸಂಗತ್‌ಗೆ ಗುರುಗಳು ಬರೆಸಿದರೆನ್ನಲಾದ ಹುಕುಂನಾಮೆ ಎಂಬ ಆಜ್ಞಾಪತ್ರವನ್ನು ಮುಂದಿಡುತ್ತಾರೆ. ಐದೂ ವಸ್ತುಗಳ ಉಲ್ಲೇಖ ಅದರಲ್ಲಿದೆಯಾದರೂ ಅದರ ಪ್ರಾಮಾಣ್ಯವೇ ವಿವಾದದಲ್ಲಿದೆ. ಸೂತ್ರ ತಡವಾಗಿ ಬಂದಿತೆಂದು ಒಪ್ಪಿದರೂ ವಸ್ತುಗಳು ತಡವಾಗಿ ಬಂದವೆಂದು ಅರ್ಥವಲ್ಲ. ಪಟ್ಟಿ ಸಿಗದ ಕಡೆಯಲ್ಲೂ ಕೂದಲು, ಬಾಚಣಿಗೆ, ಆಯುಧಗಳು ಬಿಡಿಬಿಡಿಯಾಗಿ ಕಾಣಸಿಗುತ್ತವೆ.

ಸಂಹಿತೆಯ ರೂಪ

1873ರಲ್ಲಿ ಅಮೃತಸರದಲ್ಲಿ, 1879ರಲ್ಲಿ ಲಾಹೋರಿನಲ್ಲಿ ಆರಂಭವಾದ ಸಿಂಗ್ ಸಭಾಗಳು ಸಿಖ್ಖರ ಪ್ರತ್ಯೇಕ ಗುರುತನ್ನು ಒತ್ತಿ ಹೇಳಿದವು. ಅಚ್ಚಾದ ಪುಸ್ತಕಗಳು ಪಂಚ ಕಕಾರದ ಸೂತ್ರವನ್ನು ಮನೆಮನೆಗೆ ಮುಟ್ಟಿಸಿದವು. 1920ರಲ್ಲಿ ಸ್ಥಾಪನೆಯಾದ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ 1930ರ ದಶಕದಲ್ಲಿ ‘ಸಿಖ್ ರಹಿತ್ ಮರ್ಯಾದಾ’ ಎಂಬ ಸಂಹಿತೆಯ ಕರಡು ಸಿದ್ಧಪಡಿಸಿ, 1945ರಲ್ಲಿ ಅಂಗೀಕರಿಸಿತು. ದೀಕ್ಷೆ ಪಡೆದವರಿಗೆ ಐದೂ ಕಡ್ಡಾಯ ಎಂಬುದು ಅದರ ವಿಧಿ.

ಪೇಟ ಕಕಾರವೇ ಎಂಬುದು ಹೊರಗಿನವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ರಹಿತ್ ಮರ್ಯಾದಾದ ಪಟ್ಟಿಯಲ್ಲಿ ಅದಿಲ್ಲ. ಗಂಡಸರಿಗೆ ಅದು ಬೇರೆಯಾಗಿಯೇ ಕಡ್ಡಾಯ, ಹೆಂಗಸರಿಗೆ ಐಚ್ಛಿಕ. ಭಾಯಿ ರಣಧೀರ್ ಸಿಂಗ್ (1878–1961) ಅವರ ಮಾರ್ಗದ ಅಖಂಡ ಕೀರ್ತನಿ ಜಥಾ ಎಂಬ ಗುಂಪು ಮಾತ್ರ ಕೇಶದ ಬದಲು ‘ಕೇಸ್ಕಿ’ ಎಂಬ ಕಿರುಪೇಟವನ್ನೇ ಕಕಾರವೆಂದು ಎಣಿಸುತ್ತದೆ. ಅಲ್ಲಿ ಹೆಂಗಸರೂ ಅದನ್ನು ಕಟ್ಟುತ್ತಾರೆ. ಐದರ ಎಣಿಕೆಯನ್ನು ಎಲ್ಲರೂ ಒಪ್ಪಿದ ಮೇಲೂ ಐದು ಯಾವುವು ಎಂಬ ಮಾತು ಪೂರ್ತಿ ಮುಗಿದಿಲ್ಲ.

ಕೃಪಾಣ ಮತ್ತು ಕಾನೂನು

ಐದರಲ್ಲಿ ಸರಕಾರಗಳ ಕಣ್ಣಿಗೆ ಹೆಚ್ಚು ಬಿದ್ದದ್ದು ಕೃಪಾಣ. 1878ರ ಶಸ್ತ್ರಾಸ್ತ್ರ ಕಾಯ್ದೆ ಅದಕ್ಕೂ ಅಡ್ಡಿಯಾಗಿತ್ತು. 1914ರಲ್ಲಿ ಪಂಜಾಬಿನಲ್ಲಿ ವಿನಾಯಿತಿ ಸಿಕ್ಕಿತು. ಭಾರತ ಸಂವಿಧಾನದ 25ನೆಯ ವಿಧಿಯ ವಿವರಣೆ ಕೃಪಾಣ ಧಾರಣೆಯನ್ನು ಸಿಖ್ ಧರ್ಮಾಚರಣೆಯ ಭಾಗವೆಂದೇ ಹೇಳುತ್ತದೆ. ಕೆನಡಾದ ಸುಪ್ರೀಂ ಕೋರ್ಟ್ 2006ರಲ್ಲಿ, ಕ್ವಿಬೆಕ್ ಪ್ರಾಂತದ ಶಾಲೆಯೊಂದರಲ್ಲಿ ಓದುತ್ತಿದ್ದ ಸಿಖ್ ಹುಡುಗ ಕೃಪಾಣ ಧರಿಸುವುದರ ಮೇಲಿನ ಪೂರ್ಣ ನಿಷೇಧವನ್ನು ರದ್ದುಪಡಿಸಿತು. ಕತ್ತಿಯನ್ನು ಒರೆಯಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿ ಹೊಲಿದು, ಉಡುಪಿನ ಒಳಗೆ ಧರಿಸುವ ಷರತ್ತಿಗೆ ಆ ಹುಡುಗ ಮತ್ತು ಹೆತ್ತವರು ಮೊದಲೇ ಒಪ್ಪಿದ್ದರು.